ತಂದೆಯ ಕಾಲಮಿನಲ್ಲಿ ತಮ್ಮಲೆ

ಸಿಟ್ಟಿನಲ್ಲಿ ಏನನ್ನೂ ಬರೆಯಬಾರದು, ಒಂದು ರಾತ್ರಿ ಕಳೆದ ಮೇಲೆ ಬರೆಯಬೇಕು ಎಂದು ಮಕ್ಕಳಿಗೆ ಮೂವತ್ತು ಚಿಲ್ಲರೆ ವರ್ಷ ಹೇಳಿಕೊಟ್ಟವಳು ನಾನು. ಈಗ ರಾತ್ರಿ ಒಂದಲ್ಲ, ಎಷ್ಟೋ ಕಳೆದವು. ಸಿಟ್ಟು ಮಾತ್ರ ಹೋಗಲಿಲ್ಲ. ಆದ್ದರಿಂದ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಓದುವವರು ಸಹಿಸಿಕೊಳ್ಳಬೇಕು.

ಕಕ್ಕಿಂಜೆಯಿಂದ ಒಳಗೆ ಹೋಗುವ ದಾರಿಯಲ್ಲಿ ಒಂದು ಸರಕಾರಿ ಕಿರಿಯ ಪ್ರಾಥಮಿಕ ಶಾಲೆ. ಅಲ್ಲಿಗೇ ಟೀಚರಾಗಿ ಸೇರಿದೆ, ಅಲ್ಲಿಂದಲೇ ಹೆಡ್ ಟೀಚರಾಗಿ ನಿವೃತ್ತಳಾದೆ. ಬೆನ್ನ ಹಿಂದೆ ಮಕ್ಕಳು ನನ್ನನ್ನು ಗಾಂಧಾರಿ ಮೆಣಸು ಎನ್ನುತ್ತಿದ್ದರು. ನನಗೆ ಅದು ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಈಗ ಅಳದಂಗಡಿಯಲ್ಲಿ ತಂಗಿಯ ಮನೆಯ ಪಕ್ಕ ಇದ್ದೇನೆ. ಹಳೆಯ ಮಕ್ಕಳ ಮನೆಯವರು ಅರ್ಜಿ ತುಂಬಿಸಲು, ಬಂದ ನೋಟೀಸು ಓದಿಸಲು ಈಗಲೂ ಫೋನ್ ಮಾಡುತ್ತಾರೆ. ಆ ದಿನ ಫೋನ್ ಮಾಡಿದವಳು ಒಬ್ಬ ಹುಡುಗಿಯ ತಾಯಿ.

ಆಕೆ ಬೀಡಿ ಕಟ್ಟುವವಳು. ಒಬ್ಬಳೇ ಮಗಳು, ನನ್ನ ಶಾಲೆಯಲ್ಲೇ ಐದನೆಯವರೆಗೆ ಓದಿದವಳು. ಪಿಯುಸಿ ಮುಗಿಸಿದ ಹುಡುಗಿಗೆ ಮೂಡುಬಿದಿರೆ ಕಡೆಯ ಒಂದು ಕಾಲೇಜಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ದಿನವೂ ಹೋಗಿ ಬರುವಷ್ಟು ಹತ್ತಿರದ ದಾರಿ ಅದಲ್ಲ. ಸರಕಾರದ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿದರೆ ಓದು, ಇಲ್ಲದಿದ್ದರೆ ತಾಯಿಯ ಪಕ್ಕ ಕೂತು ಬೀಡಿ. ಹಾಸ್ಟೆಲಿಗೆ ಜಾತಿ ಪ್ರಮಾಣಪತ್ರ ಬೇಕು, ಅರ್ಜಿಗೆ ಉಳಿದಿದ್ದದ್ದು ಹತ್ತೇ ದಿನ.

"ಟೀಚರ್, ಕಚೇರಿಯಲ್ಲಿ ಎಂತದೋ ತಪ್ಪು ಉಂಟು ಅಂತ ಹೇಳ್ತಾರೆ. ನಮಗೆ ತಲೆಬುಡ ಅರ್ಥ ಆಗುವುದಿಲ್ಲ. ನೀವೊಮ್ಮೆ ಬರ್ಲೇಬೇಕು" ಎಂದಳು.

ಹೋದೆ. ಕಚೇರಿ ಯಾವ ಊರಿನದು ಎಂದು ಬರೆಯುವುದಿಲ್ಲ. ಊರು ಬೇರೆಯಾದರೂ ಕಿಟಕಿ ಅದೇ, ಕಿಟಕಿಯ ಎದುರಿನ ಸರತಿಯೂ ಅದೇ. ಹುಡುಗಿ, ತಾಯಿ ಮತ್ತು ಹುಡುಗಿಯ ಸೋದರಮಾವ ಮೂವರೂ ಬೆಳಗ್ಗಿನಿಂದ ನಿಂತಿದ್ದರು. ತುಳುವಿನಲ್ಲಿ ಸೋದರಮಾವನಿಗೆ ತಮ್ಮಲೆ ಎನ್ನುತ್ತೇವೆ. ಹುಡುಗಿ ಅವನನ್ನು ಕರೆಯುವುದೂ ಹಾಗೆಯೇ. ರಬ್ಬರ್ ಟ್ಯಾಪಿಂಗ್ ಮಾಡುವವನು, ಮದುವೆಯಾಗದವನು, ಮಾತು ಕಡಿಮೆ. ನಾನು ಕೆಲಸಕ್ಕೆ ಸೇರಿದ ವರ್ಷ ಐದನೇ ಕ್ಲಾಸಿನಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗ ಅವನೇ. ಈಗಲೂ ನನ್ನೆದುರು ಕೂತುಕೊಳ್ಳುವುದಿಲ್ಲ.

ಕಿಟಕಿಯ ಆಚೆ ಇದ್ದ ಗುಮಾಸ್ತ ಬಯಲುಸೀಮೆಯ ಕಡೆಯಿಂದ ಬಂದವರು. ಹೊಸಬರು, ಮುಖದಲ್ಲಿ ಕೇಡು ಇರಲಿಲ್ಲ. ಕಂಪ್ಯೂಟರಿನ ಪರದೆಯನ್ನೇ ನಮ್ಮ ಕಡೆ ತಿರುಗಿಸಿದರು.

"ಟೀಚರಮ್ಮ, ನೀವಾರ ನೋಡ್ರಿ. ಹುಡುಗಿ ತಂದಿಯ ತಂದಿ ಹೆಸರೂ ಇದೇ, ತಾಯಿಯ ತಂದಿ ಹೆಸರೂ ಇದೇ. ಮನಿ ಹೆಸರೂ ಒಂದೇ ಐತಿ. ಇದು ಹೆಂಗ್ರಿ? ಗಂಡ ಹೆಂಡ್ತಿ ಅಣ್ಣ ತಂಗಿ ಏನ್ರಿ?"

ಸರತಿಯಲ್ಲಿದ್ದವರು ಯಾರೋ ನಕ್ಕರು. ಹುಡುಗಿಯ ಶಾಲಾ ದಾಖಲೆಯಲ್ಲಿ ತಂದೆಯ ಹೆಸರು ಎಂಬಲ್ಲಿ ಇದ್ದದ್ದು ಹಿಂದೆಯೇ ನಿಂತಿದ್ದ ತಮ್ಮಲೆಯ ಹೆಸರು. ಅದು ಅಲ್ಲಿಗೆ ಹೇಗೆ ಬಂತು ಎಂದು ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

"ಅದು ಅವಳ ತಂದೆ ಅಲ್ಲ, ಸೋದರಮಾವ. ಇಲ್ಲಿಯೇ ಇದ್ದಾರೆ ನೋಡಿ" ಎಂದೆ.

ಗುಮಾಸ್ತರು ಇನ್ನೂ ಗೊಂದಲಕ್ಕೆ ಬಿದ್ದರು. "ಸೋದರಮಾವ ಅಂದ್ರ ನಮ್ಮ ಕಡೆ ಹುಡುಗಿನ್ನ ಲಗ್ನ ಆಗಾಕ ಹಕ್ಕಿರೋ ಮನುಷ್ಯಾ ರೀ. ಅಪ್ಪನ ಜಾಗಾದಾಗ ಅವನ ಹೆಸರು ಹಾಕೀರಲ್ಲ, ಇದು ಯಾವ ನಮೂನಿ ಊರ್ರಿ ನಿಮ್ದು?"

ಅವರು ತಮಾಷೆಗೆ ಹೇಳಲಿಲ್ಲ. ಅವರ ಊರಿನಲ್ಲಿ ಅದು ನಿಜ, ಅಲ್ಲಿ ಅದು ಮರ್ಯಾದೆಯ ಸಂಬಂಧ. ಆದರೆ ನಮ್ಮಲ್ಲಿ ಅನೇಕ ಜಾತಿಗಳವರು ತಾಯಿಯ ಬಳಿಗೆ ಸೇರಿದವರು. ಬಳಿ ಎಂದರೆ ತಾಯಿಯಿಂದ ಬರುವ ವಂಶ. ತಾಯಿ, ತಾಯಿಯ ಅಣ್ಣ, ಅವಳ ಮಕ್ಕಳು ಎಲ್ಲರದ್ದೂ ಒಂದೇ ಬಳಿ, ಒಂದೇ ರಕ್ತ. ತಮ್ಮಲೆಗೂ ಅವನ ತಂಗಿಯ ಮಗಳಿಗೂ ಆ ಮಾತನ್ನು ಸೇರಿಸಿ ಹೇಳುವುದೆಂದರೆ ನಮ್ಮಲ್ಲಿ ಕಿವಿ ಮುಚ್ಚಿಕೊಳ್ಳುವಂಥದ್ದು. ಒಂದೇ ರಾಜ್ಯ, ಒಂದೇ ಭಾಷೆಯ ಕಚೇರಿ, ಒಂದೇ ಶಬ್ದ. ಎರಡು ಜಿಲ್ಲೆಗಳಲ್ಲಿ ಅದು ಎರಡು ಬೇರೆ ಮನುಷ್ಯರನ್ನು ಹೇಳುತ್ತದೆ. ಇದನ್ನು ಆ ಬಡಪಾಯಿ ಗುಮಾಸ್ತರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವರನ್ನು ಇಲ್ಲಿಗೆ ಕಳಿಸಿದವರಿಗೂ ಗೊತ್ತಿರಲಿಕ್ಕಿಲ್ಲ.

ನಾನು ಹಿಂತಿರುಗಿ ನೋಡುವಷ್ಟರಲ್ಲಿ ತಮ್ಮಲೆ ಇರಲಿಲ್ಲ. ಹೊರಗೆ ಹೋಗಿ ನೋಡಿದರೆ ಸೈಕಲ್ ನಿಲ್ಲಿಸುವ ಜಾಗದಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದ. ಹುಡುಗಿ ಹತ್ತಿರ ಹೋದಳು. ಅವನು ಎರಡು ಹೆಜ್ಜೆ ದೂರ ಸರಿದು ನಿಂತ. ಎತ್ತಿ ಆಡಿಸಿದ ಮಗುವಿನಿಂದ ಅವನು ಹಾಗೆ ದೂರ ಸರಿದದ್ದನ್ನು ನಾನು ಮೊದಲ ಬಾರಿ ನೋಡಿದೆ.

ಈಗ ನನ್ನ ತಪ್ಪಿನ ವಿಷಯ ಹೇಳಿಬಿಡುತ್ತೇನೆ.

ಆ ಹುಡುಗಿ ಹುಟ್ಟುವ ಮೊದಲೇ ಅವಳ ಅಪ್ಪ ಬಿಟ್ಟುಹೋಗಿದ್ದ. ಬಂಟ್ವಾಳದ ಕಡೆ ಬೇರೆ ಸಂಸಾರ ಮಾಡಿಕೊಂಡಿದ್ದ. ತಾಯಿ ತವರಿಗೆ ಬಂದಳು. ಬಂದಳು ಎನ್ನುವುದೂ ನಮ್ಮಲ್ಲಿ ಸರಿಯಾದ ಮಾತಲ್ಲ, ಅವಳು ಅಲ್ಲಿಯವಳೇ. ಹೆಣ್ಣು ಮದುವೆಯಾಗಿ ಎಲ್ಲಿಗೆ ಹೋದರೂ ಅವಳ ಮನೆ ಯಾವುದೆಂದರೆ ತಾಯಿಯ ಮನೆಯೇ. ಮಗುವನ್ನು ಒಂದನೇ ಕ್ಲಾಸಿಗೆ ಸೇರಿಸಲು ಕರೆದುಕೊಂಡು ಬಂದವನು ತಮ್ಮಲೆ. ಎಣ್ಣೆ ಹಾಕಿ ಬಾಚಿದ ಎರಡು ಜಡೆ, ಹೊಸ ಚಪ್ಪಲಿ. ಜಡೆ ಹಾಕಿದ್ದೂ ಅವನೇ, ಒಂದು ಮೇಲೆ ಒಂದು ಕೆಳಗೆ ಆಗಿತ್ತು. ದಾಖಲಾತಿ ಪುಸ್ತಕದಲ್ಲಿ ಆಗ ಒಂದು ಕಾಲಮು ಇತ್ತು, ತಂದೆ ಅಥವಾ ಪೋಷಕರ ಹೆಸರು. "ಯಾರ ಹೆಸರು ಬರೆಯುವುದು?" ಎಂದು ಕೇಳಿದೆ. "ಮನೆಗೆ ಯಜಮಾನ ನಾನು ಟೀಚರ್" ಎಂದ. ಅದರಲ್ಲಿ ಅನುಮಾನ ಪಡುವಂಥದ್ದು ಏನಿತ್ತು? ನನ್ನ ಸ್ವಂತ ಅಜ್ಜಿಯ ಮನೆಯಲ್ಲೂ ಎಲ್ಲವನ್ನೂ ನಡೆಸಿದವರು ಅಜ್ಜಿಯ ಅಣ್ಣ. ಅವನ ಹೆಸರು ಬರೆದೆ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 'ಸೋ.ಮಾ.' ಎಂದೂ ಬರೆದೆ.

ಅಲ್ಲಿಯವರೆಗೆ ತಪ್ಪು ಏನೂ ಇರಲಿಲ್ಲ. ಕೆಲವು ವರ್ಷ ಕಳೆದ ಮೇಲೆ ಶಾಲೆಯ ಲೆಕ್ಕವೆಲ್ಲ ಕಂಪ್ಯೂಟರಿಗೆ ಹೋಗಬೇಕೆಂದು ಆಜ್ಞೆ ಬಂತು. ಒಬ್ಬೊಬ್ಬ ಮಗುವಿಗೆ ಒಂದೊಂದು ನಂಬರು, ಎಲ್ಲ ಊರಿಗೂ ಒಂದೇ ನಮೂನೆ. ನಮಗೆಲ್ಲ ಎರಡು ದಿನ ತರಬೇತಿ ಕೊಟ್ಟರು. ಮೇಲಿನಿಂದ ಬಂದ ಆ ನಮೂನೆಯಲ್ಲಿ 'ಅಥವಾ ಪೋಷಕರು' ಎಂಬ ಮಾತನ್ನು ತೆಗೆದುಹಾಕಿದ್ದರು. ತಂದೆಯ ಹೆಸರು ಅಷ್ಟೇ, ಕೆಂಪು ನಕ್ಷತ್ರ ಹಾಕಿ, ಕಡ್ಡಾಯ. ಖಾಲಿ ಬಿಟ್ಟರೆ ಮುಂದಿನ ಪುಟಕ್ಕೆ ಹೋಗುವುದಿಲ್ಲ.

ನಮ್ಮ ಶಾಲೆಯಲ್ಲಿ ಆಗ ಇದ್ದ ಮಕ್ಕಳೇ ಎಷ್ಟು ಬಗೆ! ಕೇರಳದಿಂದ ಬಂದು ರಬ್ಬರ್ ಹಾಕಿದವರ ಮಕ್ಕಳಿಗೆ ಮನೆಯ ಹೆಸರೇ ಮೊದಲು. ಬ್ಯಾರಿ ಮಕ್ಕಳಿಗೆ ಅಜ್ಜನ ಹೆಸರು ಒಮ್ಮೆ ಮುಂದೆ, ಒಮ್ಮೆ ಹಿಂದೆ. ಗುಡ್ಡದ ಮೇಲಿನ ಕೆಲವು ಮಕ್ಕಳಿಗೆ ಒಂದೇ ಹೆಸರು, ಅದರ ಹಿಂದೆಮುಂದೆ ಏನೂ ಇಲ್ಲ. ಎಲ್ಲರನ್ನೂ ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರು ಎಂಬ ಮೂರು ಪೆಟ್ಟಿಗೆಯಲ್ಲಿ ತುರುಕಬೇಕು. ಒಂದು ವಾರ ನಾನು ಅದನ್ನೇ ಮಾಡಿದೆ. ಈ ಹುಡುಗಿಯ ಸರದಿ ಬಂದಾಗ ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರಕ್ಕೆ ಫೋನ್ ಮಾಡಿ "ತಂದೆ ಇಲ್ಲದವಳಿಗೆ ಎಂತ ಹಾಕುವುದು?" ಎಂದು ಕೇಳಿದೆ. "ಪುಸ್ತಕದಲ್ಲಿ ಇದ್ದದ್ದನ್ನು ಹಾಕಿ ಮೇಡಂ, ಇವತ್ತು ಸಂಜೆ ಮುಗಿಸಲೇಬೇಕು" ಎಂದರು. ಪುಸ್ತಕದಲ್ಲಿದ್ದ ಹೆಸರನ್ನು ಹಾಕಿದೆ. 'ಸೋ.ಮಾ.' ಎಂದು ಹಾಕಲು ಅಲ್ಲಿ ಜಾಗ ಇರಲಿಲ್ಲ. ಆಮೇಲೆ ಸರಿ ಮಾಡುವ ಎಂದುಕೊಂಡೆ, ಮರೆತೆ.

ನಾನು ಒತ್ತಿದ ಆ ಒಂದು ಬಟನು ಹೈಸ್ಕೂಲಿಗೆ ಹೋಯಿತು, ಹತ್ತನೆಯ ಅಂಕಪಟ್ಟಿಗೆ ಹೋಯಿತು, ಪಿಯುಸಿಗೆ ಹೋಯಿತು. ಮನೆಯವರು ಅಂಕಪಟ್ಟಿಯನ್ನು ನೋಡಲಿಲ್ಲವೇ ಎಂದು ಕೇಳಬಹುದು. ನೋಡಿದ್ದಾರೆ. ಯಜಮಾನನ ಹೆಸರು ಇದೆ, ಸರಿಯಾಗಿಯೇ ಇದೆ ಎಂದುಕೊಂಡಿದ್ದಾರೆ. ಎಲ್ಲಿಯೂ ತೊಂದರೆ ಬರಲಿಲ್ಲ, ಏಕೆಂದರೆ ಅಲ್ಲಿಯವರೆಗೆ ಯಾವ ವಿದ್ಯಾರ್ಥಿವೇತನಕ್ಕೂ ಅವರು ಅರ್ಜಿ ಹಾಕಿರಲಿಲ್ಲ. ನಾನಿರುವಾಗ ಅದೆಲ್ಲ ಯಾಕೆ ಎಂದು ತಮ್ಮಲೆ ಬಿಟ್ಟುಬಿಡುತ್ತಿದ್ದನಂತೆ.

ಸರಕಾರ ಏನೂ ಮಾಡುವುದಿಲ್ಲ ಎನ್ನುವವರ ಗುಂಪಿನವಳಲ್ಲ ನಾನು. ನಾನೂ ಅಂಥದ್ದೇ ಹಾಸ್ಟೆಲಿನ ಅನ್ನ ತಿಂದು ಟೀಚರಾದವಳು. ಆ ಹಾಸ್ಟೆಲು ಇಲ್ಲದಿದ್ದರೆ ನಾನೂ ಮಡಿಲಲ್ಲಿ ಸೂಪು, ಎಂದರೆ ಬೀಡಿ ಎಲೆಯ ಮೊರ, ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದೆ. ನನ್ನ ಮೈ ಉರಿಯುವುದು ಅದಕ್ಕೇ. ಕೊಡುವ ಮನಸ್ಸು ಇದೆ, ಕಾನೂನು ಇದೆ, ಕಟ್ಟಡ ಇದೆ, ಮಂಚ ಇದೆ. ಆದರೆ ಆ ಮಂಚದ ತನಕ ಹೋಗಲು ಒಂದು ಹೆಣ್ಣುಮಗು ತಾನು ಯಾರ ಮಗಳು ಎಂಬುದನ್ನು ಎಲ್ಲಿಯೋ ಕೂತು ನಮೂನೆ ಬರೆದವನ ಮನೆಯ ಪದ್ಧತಿಯ ಪ್ರಕಾರ ಹೇಳಬೇಕು. ಅವನ ಮನೆಯಲ್ಲಿ ಅಪ್ಪ ಇದ್ದ, ಆದ್ದರಿಂದ ದೇಶದಲ್ಲಿ ಎಲ್ಲರ ಮನೆಯಲ್ಲೂ ಅಪ್ಪ ಇರಬೇಕು!

ಮತ್ತೆ ಕಿಟಕಿಗೆ ಹೋದೆ. ತಾಯಿಯ ಜಾತಿಯ ಮೇಲೆಯೇ ಪ್ರಮಾಣಪತ್ರ ಕೊಡಬಹುದಲ್ಲ ಎಂದೆ. ಕೊಡಬಹುದಂತೆ. ಅದಕ್ಕೆ ಗಂಡ ಸತ್ತಿರುವ ದಾಖಲೆ ಬೇಕು, ಇಲ್ಲವೇ ಕೋರ್ಟಿನ ವಿಚ್ಛೇದನದ ಆದೇಶ ಬೇಕು. ಬಿಟ್ಟುಹೋದವನಿಗೆ ದಾಖಲೆ ಕೊಡುವ ಕಚೇರಿ ಯಾವುದೂ ಇಲ್ಲ.

"ಕೋರ್ಟಿಗೆ ಹೋದ್ರ ವರ್ಷಗಟ್ಟಲೆ ಆಗ್ತದ್ರಿ" ಎಂದರು ಗುಮಾಸ್ತರು, ಈಗ ಧ್ವನಿ ಮೆತ್ತಗಾಗಿತ್ತು. "ತಂದಿ ಬದುಕ್ಯಾನಲ್ಲ? ಅವನ ಕಾಗದ, ಅವನ ಸಹಿ ತರ್ರಿ. ನೀವು ತಪ್ಪು ಬರದೀರಿ ಅಂತ ಒಂದು ಅಫಿಡವಿಟ್ ಮಾಡ್ರಿ. ನಾನು ಮುಂದಕ್ಕ ಕಳಿಸ್ತೀನಿ."

ಹೊರಗೆ ಅರ್ಜಿ ಬರೆದುಕೊಡುವ ಒಬ್ಬ ಇನ್ನೂ ಸುಲಭದ ದಾರಿ ಹೇಳಿದ. "ಗಂಡ ಸತ್ತಿದ್ದಾನೆ ಅಂತ ಮಾಡಿಬಿಡುವ ಟೀಚರ್. ಅವನಿಗೆ ಗೊತ್ತೇ ಆಗುವುದಿಲ್ಲ." ತಾಯಿ ಅವನನ್ನು ಹೇಗೆ ನೋಡಿದಳೆಂದರೆ ಅವನು ತನ್ನ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡ. ಆಮೇಲೆ ಅದೇ ನೋಟವನ್ನು ನನ್ನ ಕಡೆ ತಿರುಗಿಸಿದಳು.

"ನೀವು ಬರೆದದ್ದಲ್ವಾ ಟೀಚರ್ ಅದು?"

"ಹೌದು" ಎಂದೆ.

"ಹದಿನೆಂಟು ವರ್ಷ ನಾನು ಅವನ ಹೆಸರು ಬಾಯಲ್ಲಿ ತೆಗೆಯಲಿಲ್ಲ. ಈಗ ಅವನ ಕಾಲು ಹಿಡೀಬೇಕಾ?"

"ನೀನು ಹಿಡಿಯುವುದು ಬೇಡ. ನಾನು ಹೋಗ್ತೇನೆ" ಎಂದೆ.

ಮರುದಿನ ಅವಳೂ ಜೊತೆಗೆ ಬಂದಳು. ಆದರೆ ಬಂಟ್ವಾಳದ ಆಚೆ ನಾವು ಇಳಿಯಬೇಕಾದ ಜಾಗದಲ್ಲಿ ಇಳಿದ ಮೇಲೆ ಬಸ್ ನಿಲ್ದಾಣದ ಕಲ್ಲುಬೆಂಚಿನಲ್ಲಿ ರಸ್ತೆಗೆ ಬೆನ್ನು ಹಾಕಿ ಕೂತಳು, ಏಳಲಿಲ್ಲ. ನಾನೊಬ್ಬಳೇ ಹೋದೆ. ಹುಡುಗಿಯ ಅಪ್ಪ ಗೂಡ್ಸ್ ಟೆಂಪೊ ಓಡಿಸುವವನು, ಟೆಂಪೊಗಳು ನಿಲ್ಲುವ ಕಡೆ ಕೇಳಿದಾಗ ಸಿಕ್ಕಿದ. ನಾನು ದಾರಿಯುದ್ದಕ್ಕೂ ಬೈಗಳನ್ನು ಜೋಡಿಸಿಟ್ಟುಕೊಂಡು ಹೋಗಿದ್ದೆ. ಅವನು ಒದರಾಡುತ್ತಾನೆ, ಆಗುವುದಿಲ್ಲ ಎನ್ನುತ್ತಾನೆ, ಆಗ ಇದನ್ನು ಹೇಳಬೇಕು, ಅದನ್ನು ಹೇಳಬೇಕು ಎಂದು.

ಅವನು ಒದರಾಡಲಿಲ್ಲ. ನಾನು ಟೀಚರ್ ಎಂದು ಗೊತ್ತಾದ ಕೂಡಲೇ ಎತ್ತಿ ಕಟ್ಟಿದ್ದ ಲುಂಗಿ ಇಳಿಸಿ ನಿಂತ, ಚಾ ತರಿಸಿದ. ವಿಷಯ ಕೇಳಿ ತಲೆ ತಗ್ಗಿಸಿದ. ಟೆಂಪೊದ ಸೀಟಿನ ಮೇಲೆ ಕಾಗದ ಇಟ್ಟು, ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದ. ತನ್ನ ಕಾಗದಗಳ ಪ್ರತಿಯನ್ನೂ ಪಕ್ಕದ ಅಂಗಡಿಯಿಂದ ಮಾಡಿಸಿ ತಂದುಕೊಟ್ಟ. ಆಮೇಲೆ, "ಅವಳು ಈಗ ಎಷ್ಟನೇ ಕ್ಲಾಸು ಟೀಚರ್?" ಎಂದು ಕೇಳಿದ.

ಚಾ ಆರಿರಲಿಲ್ಲ, ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಅಷ್ಟು ಹೊತ್ತಿಗೆ ಅವನು ತಂದೆಯಾಗಿದ್ದ. ಜೋಡಿಸಿಟ್ಟುಕೊಂಡಿದ್ದ ಬೈಗಳು ಯಾವುದೂ ಬಾಯಿಗೆ ಬರಲಿಲ್ಲ. ಬೈಯಬೇಕಾದದ್ದು ಇವನನ್ನು ಮಾತ್ರ ಅಲ್ಲ ಎಂದು ಅನ್ನಿಸಿ ಇನ್ನಷ್ಟು ಉರಿಯಿತು. ಮಗುವಿಗೆ ಜ್ವರ ಬಂದಾಗ ಹೆಗಲ ಮೇಲೆ ಹಾಕಿಕೊಂಡು ಕಕ್ಕಿಂಜೆಯವರೆಗೆ ನಡೆದವನು ಬೇರೆ. ನಸುಕಿನಲ್ಲಿ ಎದ್ದು ಮರ ಕೊರೆದು, ಶಾಲೆಯ ಗಂಟೆಗೆ ಮೊದಲು ಓಡಿಬಂದು ಮಗುವನ್ನು ಬಿಟ್ಟುಹೋಗುತ್ತಿದ್ದವನು ಬೇರೆ. ಪೋಷಕರ ಸಭೆಗೆ ಬರುತ್ತಿದ್ದ ಒಬ್ಬನೇ ಗಂಡಸು ಅವನು, ಹೆಂಗಸರ ನಡುವೆ ಬಾಗಿಲ ಹತ್ತಿರ ನಿಂತೇ ಇರುತ್ತಿದ್ದ. ಇದಕ್ಕೆಲ್ಲ ಯಾವ ಕಾಲಮೂ ಇಲ್ಲ.

ಅಫಿಡವಿಟ್ ಟೈಪ್ ಮಾಡುವವನ ಹತ್ತಿರ ಸಿದ್ಧ ಮಾದರಿ ಇತ್ತು. ನನ್ನ ಹೆಸರು, ಶಾಲೆಯ ಹೆಸರು ತುಂಬಿಸಿ ಓದಿಹೇಳಿದ. ವಿದ್ಯಾರ್ಥಿನಿಯ ತಂದೆಯ ಹೆಸರಿನ ಜಾಗದಲ್ಲಿ ಸದರಿ ವ್ಯಕ್ತಿಯ ಹೆಸರನ್ನು ನಾನು ಅಜಾಗರೂಕತೆಯಿಂದ ನಮೂದಿಸಿರುತ್ತೇನೆ. ಸದರಿ ವ್ಯಕ್ತಿಯು ವಿದ್ಯಾರ್ಥಿನಿಯ ತಂದೆಯಾಗಲಿ ಪೋಷಕರಾಗಲಿ ಆಗಿರುವುದಿಲ್ಲ.

"ತಂದೆ ಅಲ್ಲ, ಸರಿ. ಪೋಷಕ ಅಲ್ಲ ಅಂತ ಯಾಕೆ? ಅದನ್ನು ತೆಗೆಯಿರಿ" ಎಂದೆ.

"ತಂದೆ ಜೀವಂತ ಇರುವಾಗ ಬೇರೆಯವರು ಪೋಷಕರು ಆಗ್ಲಿಕ್ಕೆ ಉಂಟಾ ಟೀಚರ್? ಎರಡು ಹೆಸರು ಕಂಡರೆ ಪುನಃ ವಾಪಸ್ ಕಳಿಸ್ತಾರೆ. ನಿಮ್ಮ ಇಷ್ಟ."

ಕೊನೆಯ ದಿನಕ್ಕೆ ಮೂರು ದಿನ ಉಳಿದಿತ್ತು. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಒಂದು ತಪ್ಪು ಅಕ್ಷರ ಬರೆದ ಮಗುವಿನಿಂದ ಹತ್ತು ಸಲ ಬರೆಸಿದ ಹೆಂಗಸು ನಾನು. ನನ್ನ ಸೇವೆಯಲ್ಲಿ ಸುಳ್ಳು ಹಾಜರಿ ಹಾಕಿದವಳಲ್ಲ. ಆ ದಿನ ದೇವರ ಮೇಲೆ ಪ್ರಮಾಣ ಮಾಡಿ ಸುಳ್ಳಿಗೆ ಸಹಿ ಹಾಕಿದೆ.

ಅದರ ಕೆಳಗೆ 'ಸದರಿ ವ್ಯಕ್ತಿ'ಯ ಒಪ್ಪಿಗೆಯ ಸಹಿಯೂ ಬೇಕಿತ್ತು. ತಮ್ಮಲೆ ಕಾಗದ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹೋದ. ಹಾಗೆಯೇ ಸಹಿ ಹಾಕುತ್ತಾನೆ ಎಂದುಕೊಂಡಿದ್ದೆ. ಇಲ್ಲ, ಓದಿದ. ನಾನು ಕಲಿಸಿದ ಹಾಗೆಯೇ, ಒಂದೊಂದು ಪದದ ಕೆಳಗೂ ಬೆರಳು ಇಟ್ಟು, ತುಟಿ ಅಲ್ಲಾಡಿಸುತ್ತ, ಮೊದಲಿನಿಂದ ಕೊನೆಯವರೆಗೆ ಓದಿದ. ಆಮೇಲೆ ದುಂಡಗೆ ಸಹಿ ಹಾಕಿ ನನ್ನ ಕೈಗೆ ಕೊಟ್ಟ.

"ಸರಿ ಉಂಟಲ್ಲ ಟೀಚರ್?" ಎಂದು ಕೇಳಿದ. ಶಾಲೆಯಲ್ಲಿ ಸ್ಲೇಟು ತೋರಿಸುವಾಗಲೂ ಅವನು ಹೀಗೆಯೇ ಕೇಳುತ್ತಿದ್ದ. ನಾನು ಹೂಂ ಎಂದೆ.

ಪ್ರಮಾಣಪತ್ರ ಬಂತು. ಗುಮಾಸ್ತರು ಮಾತು ಕೊಟ್ಟ ಹಾಗೆ ಓಡಾಡಿ ಮಾಡಿಸಿದ್ದರು, ಆ ಮನುಷ್ಯನ ಮೇಲೆ ನನಗೆ ದೂರಿಲ್ಲ. ಹಾಸ್ಟೆಲಿನಲ್ಲಿ ಜಾಗವೂ ಸಿಕ್ಕಿತು. ಎಲ್ಲರೂ ನನಗೆ ಫೋನ್ ಮಾಡಿ ಉಪಕಾರ ಆಯಿತು ಎಂದರು. ಅದನ್ನು ಕೇಳಿದಾಗಲೆಲ್ಲ ನನಗೆ ಫೋನನ್ನು ಎತ್ತಿ ಬಾವಿಗೆ ಹಾಕಬೇಕು ಅನ್ನಿಸುತ್ತಿತ್ತು.

ಸೇರುವ ದಿನ ತಾಯಿಗೆ ಮೈ ಹುಷಾರಿರಲಿಲ್ಲ. ಹುಡುಗಿ, ತಮ್ಮಲೆ ಮತ್ತು ನಾನು ಹೊರಟೆವು. ತಮ್ಮಲೆ ಕಬ್ಬಿಣದ ಹೊಸ ಪೆಟ್ಟಿಗೆಯನ್ನು ಬಸ್ಸಿನಲ್ಲಿ ಕಾಲ ಮೇಲೆಯೇ ಇಟ್ಟುಕೊಂಡಿದ್ದ. ಕೆಳಗಿಟ್ಟರೆ ಬಣ್ಣ ಹೋಗುತ್ತದಂತೆ. ಬಸ್ಸಿಳಿದು ಹಾಸ್ಟೆಲಿನ ಗೇಟಿನವರೆಗೆ ಅದನ್ನು ತಲೆಯ ಮೇಲೆ ಹೊತ್ತುಕೊಂಡು ಮುಂದೆ ನಡೆದ. ಹುಡುಗಿ ಹಾಸಿಗೆಯ ಸುರುಳಿ ಹಿಡಿದುಕೊಂಡು ಅವನ ಹಿಂದೆಯೇ ಇದ್ದಳು. ನನ್ನ ಮೊಣಕಾಲು ನೋವಿಗೆ ನಾನು ಹಿಂದೆ ಉಳಿದಿದ್ದೆ.

ಗೇಟಿನಲ್ಲಿ ಕಾವಲಿನವರು ಪುಸ್ತಕ ಇಟ್ಟುಕೊಂಡು ಕೂತಿದ್ದರು. ತಂದೆ ತಾಯಿಗೆ ಮಾತ್ರ ಒಳಗೆ ಪ್ರವೇಶ ಎಂದು ಗೋಡೆಯ ಮೇಲೆ ಬರೆದಿತ್ತು. ಹೆಣ್ಣುಮಕ್ಕಳ ಹಾಸ್ಟೆಲು, ಇರಬೇಕಾದ ನಿಯಮವೇ. ನಾನು ಹತ್ತಿರ ಬರುವಾಗ ಅವರು ತಮ್ಮಲೆಯನ್ನು ಕೇಳುತ್ತಿದ್ದರು.

"ನೀವು ಯಾರು? ತಂದೆಯಾ?"

"ಅಲ್ಲ."

"ಮತ್ತೆ? ಸಂಬಂಧ ಎಂತ ಬರೆಯುವುದು?"

ತಮ್ಮಲೆ ಪೆಟ್ಟಿಗೆಯನ್ನು ನೆಲಕ್ಕೆ ಇಳಿಸಿದ. ಹೆಗಲಿನ ಬೈರಾಸಿನಿಂದ ಮುಖ ಒರೆಸಿಕೊಂಡ.

"ನಾನು ಪೆಟ್ಟಿಗೆ ತಂದವ" ಎಂದ.

ಹುಡುಗಿ ಅವನ ಪಕ್ಕದಲ್ಲೇ ಇದ್ದಳು. ಹಾಸಿಗೆಯ ಸುರುಳಿಯನ್ನು ಎದೆಗೆ ಒತ್ತಿಕೊಂಡು ಅವನನ್ನು ನೋಡಿದಳು. "ತಮ್ಮಲೆ" ಎಂದು ಕರೆದಳು, ಮೆತ್ತಗೆ. ಅವನು ಅವಳ ಕಡೆ ನೋಡದೆ "ಹೋಗು, ಹೊತ್ತಾಗ್ತದೆ" ಎಂದ. ಅವಳು ನನ್ನ ಕಡೆ ತಿರುಗಿದಳು. ನಾನು ಎಲ್ಲಿಗೆ ತಿರುಗಲಿ?

ಕಾವಲಿನವರು ನನ್ನನ್ನು ಕೇಳಿದರು. ಅವಳ ಟೀಚರ್ ಎಂದೆ. "ಓ, ಟೀಚರಾ? ನೀವು ಹೋಗಿ ಒಳಗೆ" ಎಂದರು. ಹೋದೆ, ಕಾಗದಗಳನ್ನು ಕೊಡುವವರು ಒಬ್ಬರು ಬೇಕಿತ್ತಲ್ಲ. ವಾರ್ಡನ್ ಮೇಡಂ ಕುರ್ಚಿ ಕೊಟ್ಟು ಫ್ಯಾನ್ ಹಾಕಿದರು. ತಂದೆಯ ಸಹಿ ಇದ್ದ ಹಾಳೆಗಳನ್ನು ಒಂದೊಂದಾಗಿ ಎತ್ತಿಕೊಟ್ಟೆ. ಯಾವುದರಲ್ಲೂ ತಪ್ಪಿರಲಿಲ್ಲ. ಹುಡುಗಿ ಪೆಟ್ಟಿಗೆ ಎಳೆದುಕೊಂಡು ಮಹಡಿ ಹತ್ತಿದಳು, ಅವಳ ಮುಖ ನನಗೆ ಕಾಣಲಿಲ್ಲ.

ಹೊರಗೆ ಬಂದಾಗ ತಮ್ಮಲೆ ರಸ್ತೆಯ ಆಚೆ ಬಿಸಿಲಿನಲ್ಲೇ ನಿಂತಿದ್ದ. ನನಗೆ ತಡೆಯಲಾಗಲಿಲ್ಲ. ಅವನ ಕೈ ಹಿಡಿದು ಎಳೆದುಕೊಂಡು ಗೇಟಿಗೆ ಬಂದೆ, ಕಾವಲಿನವರ ಪುಸ್ತಕದ ಮೇಲೆ ಕೈ ಕುಟ್ಟಿದೆ. "ಪೆಟ್ಟಿಗೆ ತಂದವರಲ್ಲ ಇವರು. ಅವಳ ತಮ್ಮಲೆ. ಸಾಕಿದವರು. ಬರೆದುಕೊಳ್ಳಿ!"

ಕಾವಲಿನವರು ನಮ್ಮ ಕಡೆಯವರೇ. ಎದ್ದು ನಿಂತರು. "ತಮ್ಮಲೆಯಾ? ಅದನ್ನು ಮೊದಲೇ ಹೇಳಬಾರದಾ ಮಾರಾಯ್ರೆ? ವಾರ್ಡನ್ ಮೇಡಮಿಗೆ ನಾನು ಹೇಳ್ತೇನೆ. ಬನ್ನಿ, ಆಫೀಸಿನವರೆಗೆ ಹೋಗಿ ಮಾತಾಡಿ ಬನ್ನಿ." ಗೇಟು ತೆರೆದರು. ಅವರಿಗೆ ಯಾವ ಕಾಲಮೂ ಬೇಕಾಗಲಿಲ್ಲ.

ತಮ್ಮಲೆ ಕಾಲು ಮುಂದಿಡಲಿಲ್ಲ. ನನ್ನ ಹಿಡಿತದಿಂದ ಮೆಲ್ಲಗೆ ಕೈ ಬಿಡಿಸಿಕೊಂಡ.

"ಬೇಡ ಟೀಚರ್" ಎಂದ. "ನೀವು ಬರೆದುಕೊಟ್ಟಿದ್ದೀರಲ್ಲ, ನಾನು ಯಾರೂ ಅಲ್ಲ ಅಂತ. ನಾನೂ ಸಹಿ ಹಾಕಿದ್ದೇನೆ. ಈಗ ನಾನು ಒಳಗೆ ಹೋಗಿ, ನಾಳೆ ಯಾರಾದರೂ ಅದನ್ನು ಎತ್ತಿ ಕೇಳಿದರೆ ಅವಳ ಜಾಗ ಹೋಗ್ತದೆ."

ಹಾಗೆಲ್ಲ ಆಗುವುದಿಲ್ಲ ಎಂದೆ. ಎರಡು ಸಲ ಹೇಳಿದೆ. ಅವನು ನಂಬಲಿಲ್ಲ. ಟೀಚರ್ ಬರೆದದ್ದನ್ನು ನಂಬಬೇಕು ಎಂದು ಅವನಿಗೆ ಐದನೇ ಕ್ಲಾಸಿನಲ್ಲಿ ಕಲಿಸಿದವಳು ನಾನೇ. ಕಾವಲಿನವರು ಸ್ವಲ್ಪ ಹೊತ್ತು ಕಾದು ಗೇಟು ಹಾಕಿಕೊಂಡರು.

ನಾವು ಬಸ್ಸಿಗೆ ನಡೆದೆವು. ಅವನು ನನ್ನ ಚೀಲವನ್ನು ತಾನೇ ತೆಗೆದುಕೊಂಡ, ನನ್ನ ಮೊಣಕಾಲಿಗೆ ಹೊಂದುವ ಹಾಗೆ ನಿಧಾನವಾಗಿ ನಡೆದ. ರಸ್ತೆಯ ತಿರುವಿನಲ್ಲಿ ಒಮ್ಮೆ ನಿಂತು, ಹಾಸ್ಟೆಲಿನ ಮೇಲಿನ ಮಹಡಿಯ ಕಡೆ ನೋಡಿದ.

"ಟೀಚರ್, ಅವಳಿಗೆ ಗಾಳಿ ಬೇಕು, ಇಲ್ಲದಿದ್ದರೆ ನಿದ್ರೆ ಬರುವುದಿಲ್ಲ. ಮಂಚ ಕಿಟಕಿಯ ಹತ್ತಿರ ಉಂಟಾ?"

ನಾನು ಮಹಡಿ ಹತ್ತಿರಲಿಲ್ಲ. ನೋಡಿರಲಿಲ್ಲ.